ಗೌರವಕ್ಕೊಂದು ಮಹಜರು

ನನ್ನ ತಪ್ಪೇನಿತ್ತು, ನೀವೇ ಹೇಳಿ! ಪುರಾವೆ ಬರೆದು ತನ್ನಿ ಎಂದರು, ನಾನು ಬರೆದು ತಂದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತಮುತ್ತ ಮೂವತ್ತು ವರ್ಷ ಗ್ರಾಮ ಲೆಕ್ಕಿಗನಾಗಿ ದುಡಿದು ನಿವೃತ್ತನಾದವನಿಗೆ ಪುರಾವೆ ತರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಿವೃತ್ತಿಯಾದ ಮೇಲೆ ನನಗೂ ಹೆಂಡತಿ ಜಯಮ್ಮನಿಗೂ ದಿನಾ ಜಗಳ. ಕೊನೆಗೊಂದು ದಿನ ಅವಳು, "ಕೌನ್ಸೆಲಿಂಗಿಗೆ ಬನ್ನಿ. ಇಲ್ಲಾಂದ್ರೆ ನಾನು ಹೊಸಕೋಟೆಗೆ ಅಕ್ಕನ ಮನೆಗೆ ಹೋಗ್ತೀನಿ, ವಾಪಸ್ ಬರಲ್ಲ" ಎಂದಳು. ಒಳಗೊಳಗೇ ಹೆದರಿದರೂ ಗತ್ತು ಬಿಡದೆ ಅವಳ ಜೊತೆ ದೇವನಹಳ್ಳಿ ಬಸ್ಸು ಹತ್ತಿದೆ.

ಅಲ್ಲಿನ ಕೌನ್ಸೆಲಿಂಗ್ ಮೇಡಂಗೆ ನನ್ನ ಮಗಳ ವಯಸ್ಸು. "ಸಾರ್, ಮನಸ್ಸಿಗೆ ಬಂದ ಯೋಚನೆಯೆಲ್ಲ ನಿಜ ಅಲ್ಲ. ಸಿಟ್ಟು ಬಂದಾಗ ಏನಾಯ್ತು, ಏನನ್ನಿಸ್ತು, ಅದಕ್ಕೆ ಪುರಾವೆ ಏನಿದೆ, ವಿರುದ್ಧ ಏನಿದೆ, ಎಲ್ಲಾ ಬರ್ಕೊಂಡು ಮುಂದಿನ ವಾರ ಬನ್ನಿ" ಎಂದು ಇಬ್ಬರಿಗೂ ಒಂದೊಂದು ನೋಟ್‌ಬುಕ್ ಕೊಟ್ಟರು. ಇಷ್ಟೇನಾ! ಬರವಣಿಗೆಯಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ.

ಮರುದಿನವೇ ಸಂದರ್ಭ ಒದಗಿತು. ಜಯಮ್ಮ ಟೀ ಲೋಟವನ್ನು ಅಡುಗೆ ಕಟ್ಟೆಯ ಮೇಲೆ ಟಕ್ಕೆಂದು ಕುಕ್ಕಿ ಹೋದಳು. 'ಇವಳಿಗೆ ನನ್ನ ಮೇಲೆ ಗೌರವವಿಲ್ಲ' ಎಂಬ ಯೋಚನೆ ಬಂತು. ಕೂಡಲೇ ಸ್ಥಳ ಮಹಜರು ಬರೆದೆ. "ಸದರಿ ಲೋಟ ಕುಕ್ಕಿದ ಸ್ಥಳದ ಚೆಕ್ಕುಬಂದಿ: ಪೂರ್ವಕ್ಕೆ ಗ್ಯಾಸ್ ಒಲೆ, ಪಶ್ಚಿಮಕ್ಕೆ ಫ್ರಿಜ್ಜು, ಉತ್ತರಕ್ಕೆ ಸಿಂಕು, ದಕ್ಷಿಣಕ್ಕೆ ನೊಂದ ಗಂಡ." ಕೆಳಗೆ 'ಪುರಾವೆ', 'ವಿರುದ್ಧ' ಎಂದು ಎರಡು ಕಾಲಂ ಮಾಡಿ, ಸಾಕ್ಷಿಗಳಾದ ಪಂಚರ ಸಹಿಗೆ ಐದು ಗೆರೆ ಎಳೆದೆ. ಪಂಚರ ಸಹಿಯಿಲ್ಲದ ಮಹಜರು ಮಹಜರೇ ಅಲ್ಲ!

ಮೊದಲು ಪಕ್ಕದ ಮನೆಯ ಮುನಿಶಾಮಪ್ಪನ ಬಳಿ ಹೋದೆ. ರೇಷ್ಮೆ ನೂಲು ತೆಗೆಯುವವನು, ನಿಧಾನಸ್ಥ. ಪೂರ್ತಿ ಓದಿ ಕನ್ನಡಕ ತೆಗೆದ.

"ಅಣ್ಣ, ಜಯಕ್ಕ ನಮ್ಮನೇಲಿ ಮಾತಾಡ್ತಾ ಕೂತಿದ್ರೂ ಮಧ್ಯಾಹ್ನ ಒಂದು ಗಂಟೆ ಆಯ್ತು ಅಂದ್ರೆ 'ಅವರು ಊಟಕ್ಕೆ ಕಾಯ್ತಿರ್ತಾರೆ' ಅಂತ ಎದ್ದು ಓಡ್ತಾರೆ. ನಾನು ಸುಳ್ಳು ಸಹಿ ಹಾಕಲ್ಲ."

"ಹಂಗಾದ್ರೆ ಅದನ್ನೇ ವಿರುದ್ಧದ ಕಾಲಂನಲ್ಲಿ ಬರಿಯಪ್ಪ!" ಎಂದೆ. ಬರೆದೇಬಿಟ್ಟ!

ಹಾಲಿನ ಡೇರಿಯ ಸಾಲಿನಲ್ಲಿ ನಿಂತಿದ್ದ ನಂಜಮ್ಮ, "ಗೌರವ ಇಲ್ದಿದ್ರೆ ಲೋಟದಲ್ಲಿ ಟೀ ಇರ್ತಿತ್ತಾ? ಬರ್ಕೊಳ್ಳಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅವಳೂ, ಅವಳ ಹಿಂದಿದ್ದ ಮೂವರೂ ಅದೇ ಕಾಲಂನಲ್ಲಿ ಸಹಿ ಹಾಕಿದರು. ಇದೇ ಜನಕ್ಕೆ ಮೂವತ್ತು ವರ್ಷ ಪಹಣಿ ಬರೆದುಕೊಟ್ಟಿದ್ದೆ. ಕೃತಘ್ನರು!

ಸಂಜೆಯ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹರಡಿತ್ತು.

"ನಾವು ಕೌನ್ಸೆಲಿಂಗಿಗೆ ಹೋಗೋದನ್ನ ಡೇರೀಲಿ ಡಂಗೂರ ಹೊಡೆದು ಬಂದ್ರಾ?" ಎಂದಳು ಜಯಮ್ಮ.

"ಗೌಪ್ಯ ವಿಚಾರಣೆ ಕಣೇ ಅದು!"

"ಮೇಡಂ ಹತ್ರ ಇನ್ನೊಂದೇ ಸಲ ಬರ್ತೀನಿ. ಅಲ್ಲಿಂದ್ಲೇ ಹೊಸಕೋಟೆ ಬಸ್ಸು" ಎಂದವಳು, ವಾರ ಕಳೆದು ನಾವು ಹೊರಟಾಗ ನಿಜವಾಗಿಯೂ ಬಟ್ಟೆಯ ಬ್ಯಾಗು ಹಿಡಿದೇ ಬಂದಳು.

ಮೇಡಂ ನನ್ನ ಮಹಜರು ಓದಿ ನಗು ತಡೆದುಕೊಂಡರು. "ಸಾರ್, ಐದಕ್ಕೆ ಐದೂ ನಿಮ್ಮ ಯೋಚನೆಗೆ ವಿರುದ್ಧವಾಗಿದೆ!"

"ಪಂಚರು ಪಕ್ಷಪಾತಿಗಳು ಮೇಡಂ. ಮರು ಮಹಜರು ಆಗ್ಬೇಕು!"

ಅವರು ಜಯಮ್ಮನ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿದ್ದದ್ದು ಮೂರೇ ಸಾಲು.

"ಏನಾಯಿತು: ನನಗೆ ಇವರ ಮೇಲೆ ಗೌರವ ಇದೆಯಾ ಎಂದು ಊರವರನ್ನು ಕೇಳಿದರು. ಏನನ್ನಿಸಿತು: ನನ್ನನ್ನು ಕೇಳುವುದು ಇವರಿಗೆ ಹೊಳೆಯಲೇ ಇಲ್ಲ. ಪುರಾವೆ: ಇವರ ಮಹಜರು ನೋಡಿ."

ಸಿಟ್ಟು ಬರಬೇಕಿತ್ತು. ನಾಚಿಕೆ ಬಂತು.

ಬಸ್ ನಿಲ್ದಾಣದಲ್ಲಿ ಹೊಸಕೋಟೆ ಬಸ್ಸು ಬಂದು ನಿಂತಿತು. ಇನ್ನು ತಡಮಾಡಿದರೆ ಕೆಟ್ಟೆ ಎಂದು ಅವಳ ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡು, "ಜಯಾ, ನಿಂಗೆ ನನ್ನ ಮೇಲೆ ಗೌರವ ಇದೆಯಾ?" ಎಂದು ಕೇಳೇಬಿಟ್ಟೆ. ಅವಳು ನನ್ನನ್ನೇ ನೋಡುತ್ತ ನಿಂತಳು. ಬಸ್ಸು ಹೊರಟುಹೋಯಿತು.

"ಇಷ್ಟು ವರ್ಷಕ್ಕೆ ಈಗ ಕೇಳಿದ್ದೀರ. ಯೋಚ್ನೆ ಮಾಡಿ ಹೇಳ್ತೀನಿ" ಎಂದು ವಿಜಯಪುರದ ಬಸ್ಸು ಹತ್ತಿದಳು.

ಹತ್ತು ದಿನವಾಯಿತು, ಇನ್ನೂ ಯೋಚಿಸುತ್ತಿದ್ದಾಳೆ. ಜಮೀನಿನ ಖಾತೆಗೆಂದು ಬಂದ ರೈತರನ್ನು ಅಲೆದಾಡಿಸಿದ ನಾನು ಈಗ ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತು, "ನಮ್ದು ಏನಾಯ್ತು?" ಎಂದು ಕೇಳುತ್ತೇನೆ.

ತಲೆಯನ್ನೂ ಎತ್ತದೆ ಹೇಳುತ್ತಾಳೆ: "ನಾಳೆ ಬನ್ನಿ."