ಬೆತ್ತದ ಸೀಟೂ ಅತ್ತೆಯವರ ಷರತ್ತೂ

ಮಗುವನ್ನು ಮುಂದೆ ಕೂರಿಸಿಕೊಂಡು ಸೈಕಲ್ ತುಳಿಯುವವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವಾಗಿಯೇ ದಾರಿಗೆ ಅಡ್ಡ ಬಂದು ನಿಲ್ಲುತ್ತವೆ. ನಾನು ಹೆಚ್ಚು ಮಾತಿನವನಲ್ಲ. ಸೈಕಲ್ಲಿನ ಬೆಲ್ಲನ್ನೂ ಅಗತ್ಯವಿದ್ದಾಗ ಮಾತ್ರ ಹೊಡೆಯುವವನು. ಆದರೂ ಬ್ಯಾಟರಾಯನಪುರದ ನನ್ನ ಮನೆಯಿಂದ ಹೆಬ್ಬಾಳದ ಶಾಲೆಯವರೆಗಿನ ಎರಡೂವರೆ ಮೈಲಿಯಲ್ಲಿ, ಐವತ್ತರ ದಶಕ ಮುಗಿಯುತ್ತಿದ್ದ ಆ ಕೆಲವು ತಿಂಗಳಲ್ಲಿ ನನಗೆ ಆದಷ್ಟು ಪ್ರಸಂಗಗಳು ಉಳಿದ ಮೇಷ್ಟರಿಕೆಯಲ್ಲೆಲ್ಲ ಆಗಲಿಲ್ಲ.

ನನ್ನ ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಗಳಿಗೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಹಗಲು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಅವಳನ್ನು ಶಾಲೆಗೆ ಜೊತೆಯಲ್ಲೇ ಕರೆದೊಯ್ಯುವುದೆಂದು ನಿಶ್ಚಯಿಸಿದೆ. ದೊಡ್ಡಬಳ್ಳಾಪುರದಿಂದ ಬಂದಿದ್ದ ನನ್ನ ಅತ್ತೆಯವರಿಗೆ ಇದು ಸರಿಬರಲಿಲ್ಲ.

"ಸೈಕಲ್ ಮೇಲಾ? ಲಾರಿ ಓಡಾಡೋ ಬಳ್ಳಾರಿ ರೋಡಲ್ಲಾ? ಬೇಡಿ ಅಳಿಯಂದ್ರೇ, ಮಗೂನ ನಾನು ಕರ್ಕೊಂಡು ಹೋಗ್ತೀನಿ."

"ಹುಷಾರಾಗಿ ಕರ್ಕೊಂಡು ಹೋಗ್ತೀನಿ ಅತ್ತೆ."

ಅತ್ತೆಯವರು ಮಗುವಿನ ಮೊಣಕಾಲು ಸವರಿ ನೋಡಿದರು. "ಆಯ್ತು. ಸಂಕ್ರಾಂತಿ ಆದ್ಮೇಲೆ ಬಂದು ನೋಡ್ತೀನಿ. ಮಗು ಮೈಮೇಲೆ ಒಂದೇ ಒಂದು ತರಚಿದ ಗಾಯ ಕಂಡ್ರೂ ಅವಳು ನಮ್ಮನೇಗೆ. ಆಮೇಲೆ ಮಾತಿಲ್ಲ."

ನನ್ನ ಮನೆಯಲ್ಲಿ ನನಗೆ ಉಳಿದಿದ್ದವಳು ಮಗಳೊಬ್ಬಳೇ. ಷರತ್ತಿಗೆ ಒಪ್ಪಿದೆ.

ಸೀಟು

ಮಕ್ಕಳನ್ನು ಸೈಕಲ್ಲಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸುವುದು ಆಗಿನ ವಾಡಿಕೆ. ನನಗೆ ಅದು ಸಾಲದೆನಿಸಿತು. ಹ್ಯಾಂಡಲ್ಲಿನ ಹಿಂದೆ ಬಾರಿಗೆ ಬಿಗಿಯುವಂತೆ ಬೆತ್ತದ ಪುಟ್ಟ ಕುರ್ಚಿ ಹೆಣೆಸಿ, ಸೊಂಟಕ್ಕೊಂದು, ಹೆಗಲಿಗೆರಡು ಚರ್ಮದ ಪಟ್ಟಿ ಹಾಕಿಸಲು ಸೈಕಲ್ ಶಾಪಿನ ಸಾಬರ ಬಳಿ ಹೋದೆ. ಅವರು ನನ್ನ ಅಳತೆಯ ಚೀಟಿಯನ್ನು ಎರಡು ಸಲ ಓದಿದರು.

"ಮಾಸ್ಟರ್ ಸಾಬ್, ಇದು ಮಗೂಗೆ ಸೀಟಾ, ಇಲ್ಲಾ ಖಜಾನೆಗೆ ಬೀಗಾನಾ?"

ಪಾದ ಗಾಲಿಯ ಕಡ್ಡಿಗೆ ಸಿಕ್ಕದಂತೆ ಕಾಲು ಕಟ್ಟಲು ಬಟ್ಟೆಯ ಪಟ್ಟಿಗಳನ್ನು ನಾನೇ ಹೊಲಿದುಕೊಂಡೆ. ಅವು ನನ್ನ ಹೆಂಡತಿಯ ಹಳೆಯ ಸೀರೆಯವು. ಹಳೆಯ ಹತ್ತಿ ಬಟ್ಟೆ ಮಕ್ಕಳ ಚರ್ಮಕ್ಕೆ ಉಜ್ಜುವುದಿಲ್ಲ, ಕಾರಣ ಅದೇ.

ಮೊದಲ ದಿನವೇ ದಾರಿಯಲ್ಲಿ ತುಂತುರು ಹನಿಯಿತು. ಶಾಲೆಯ ಮುಂದೆ ಇಳಿದು ನೋಡುತ್ತೇನೆ, ಹೊಸ ಚರ್ಮ ನೆನೆದು ಉಬ್ಬಿದೆ, ಬಕಲ್ ಬಿಚ್ಚುತ್ತಿಲ್ಲ. ಬೆಲ್ ಆಯಿತು. ಸಾಬರಿಗೆ ಹೇಳಿ ಕಳುಹಿಸಿ, ಮಗಳ ಸಮೇತ ಸೈಕಲ್ಲನ್ನು ಮೂರನೆಯ ತರಗತಿಯೊಳಗೆ ತಂದು ಸ್ಟ್ಯಾಂಡ್ ಹಾಕಿ ಮಗ್ಗಿ ಶುರುಮಾಡಿದೆ. ಅವಳು ಎತ್ತರದ ಆಸನದಿಂದ ಇಡೀ ತರಗತಿಯನ್ನು ನೋಡುತ್ತ, ಯಾರಾದರೂ ಪಿಸುಗುಟ್ಟಿದರೆ 'ಟ್ರಿಣ್' ಎಂದು ಬೆಲ್ ಹೊಡೆಯತೊಡಗಿದಳು.

ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತರು. "ಏನ್ರೀ ಮೇಷ್ಟ್ರೇ, ಕ್ಲಾಸೊಳಗೆ ಸೈಕಲ್ಲು?"

"ಮಗು ಬಿಚ್ಚೋಕೆ ಬರ್ತಾ ಇಲ್ಲ ಸಾರ್."

ಅವರು ಒಳಗೆ ನೋಡಿದರು. ನಲವತ್ತು ಮಕ್ಕಳೂ ಕೈಕಟ್ಟಿ ಕೂತಿದ್ದರು. ಒಬ್ಬ ಹಿಂದಿನ ಬೆಂಚಿನಲ್ಲಿ ಅಲುಗಿದ. 'ಟ್ರಿಣ್.' ಅವನು ನೆಟ್ಟಗಾದ.

"ಅವಸರ ಏನಿಲ್ಲ," ಅಂದರು ಹೆಡ್‌ಮಾಸ್ಟರು. "ಇಲ್ಲಿ ಬಿಚ್ಚಿದ್ಮೇಲೆ ನಾಲ್ಕನೇ ಕ್ಲಾಸಿಗೂ ಒಂದ್ಸಲ ಕಟ್ಟಿ ಕಳ್ಸಿ."

ದ್ರಾಕ್ಷಿ ತೋಟದವರ ಬುದ್ಧಿಮಾತು

ದಾರಿಯಲ್ಲಿ ಬುದ್ಧಿ ಹೇಳದವರಿಲ್ಲ. ಒಂದು ಬೆಳಿಗ್ಗೆ ದ್ರಾಕ್ಷಿ ತೋಟದ ರೈತರೊಬ್ಬರು ಹಿಂದಿನಿಂದ ಬಂದು ನನ್ನ ಪಕ್ಕದಲ್ಲೇ ತುಳಿಯತೊಡಗಿದರು. ಅವರ ಕ್ಯಾರಿಯರ್ ಮೇಲೆ ಹೆಂಡತಿ, ಹೆಂಡತಿಯ ತೊಡೆಯ ಮೇಲೆ ಕೂಸು, ಬಾರಿನ ಮೇಲೆ ಇಬ್ಬರು ಗಂಡುಮಕ್ಕಳು, ಹ್ಯಾಂಡಲ್ಲಿನ ಎರಡೂ ಕಡೆ ತೂಗುವ ಬುಟ್ಟಿ. ಬ್ರೇಕ್ ಇರಲಿಲ್ಲ, ನಿಲ್ಲಿಸಬೇಕಾದಾಗ ಮುಂದಿನ ಟಯರಿಗೆ ಚಪ್ಪಲಿ ಒತ್ತುತ್ತಿದ್ದರು.

ನನ್ನ ಮಗಳನ್ನೂ ಮೂರು ಪಟ್ಟಿಗಳನ್ನೂ ಕರುಣೆಯಿಂದ ನೋಡಿ, ಎರಡೂ ಕೈ ಬಿಟ್ಟು, ಬೀಡಿ ಹಚ್ಚಿಕೊಂಡು ಹೇಳಿದರು:

"ಮೇಷ್ಟ್ರೇ, ಉಷಾರು. ಮಗೀನ ಕೂರಿಸ್ಕೊಂಡು ಇಂಗೆಲ್ಲಾ ಮಾತಾಡ್ಕೊಂಡ್ ಓಗಬಾರ್ದು."

ನಾನು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ.

ಡಬಲ್ಸ್

ಸೈಕಲ್ಲಿನಲ್ಲಿ ಇಬ್ಬರು ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲ. ಒಂದು ಸಂಜೆ ಶಾಲೆ ಬಿಟ್ಟು ಬರುವಾಗ ಹೆಬ್ಬಾಳದ ಕೆರೆಯ ಹತ್ತಿರ ಒಬ್ಬ ಪೇದೆ ಕೈ ಅಡ್ಡ ಹಿಡಿದರು.

"ಡಬಲ್ಸು."

"ಮಗು ಸ್ವಾಮಿ."

"ವಯಸ್ಸೆಷ್ಟು?"

"ಮೂರು ವರ್ಷ, ಹನ್ನೊಂದು ತಿಂಗಳು, ಆರು ದಿನ."

ಪೇದೆ ಕೈ ಇಳಿಸಿದರು. "ಎಲ್ರೂ 'ಒಂದೂವರೆ ಸ್ವಾಮಿ' ಅಂತಾರೆ. ಮೀಸೆ ಬಂದಿರೋರ್ಗೂ ಒಂದೂವರೇನೇ. ನಿಮ್ಮಂಥೋರನ್ನ ಹಿಡಿದ್ರೆ ಪಾಪ ಬರುತ್ತೆ. ನಂದೂ ಡ್ಯೂಟಿ ಮುಗೀತು, ಹಿಂದೆ ಕೂತ್ಕೊಳ್ಲಾ? ಕೆರೆ ದಾಟೋವರ್ಗೆ."

"ಮಗು ಇರುವಾಗ ಇನ್ನೊಬ್ಬರನ್ನ ಕೂರಿಸ್ಕೊಂಡು ತುಳಿಯೋದಿಲ್ಲ," ಅಂದೆ. ಅವರ ಮುಖ ಸಣ್ಣದಾಯಿತು. ಬೆಳಗಿನಿಂದ ನಿಂತ ಕಾಲು. ನೋಡಲಾರದೆ, "ಬೇಕಾದ್ರೆ ಕೂತ್ಕೊಳ್ಳಿ, ನಾನು ತಳ್ಕೊಂಡು ನಡೀತೀನಿ," ಅಂದೆ. ಅವರು ಹಿಂದೆ ಕೂತರು. ಆಗ ಮಗಳು ಕತ್ತು ತಿರುಗಿಸಿ ನೋಡಿದಳು.

"ಅಪ್ಪ, ಮಾಮಂಗೆ ಕಾಲೇ ಕಟ್ಟಿಲ್ಲ!"

"ಮಾಮ ದೊಡ್ಡೋರು ಪುಟ್ಟಿ."

"ಚಕ್ರಕ್ಕೆ ಸಿಕ್ಕುತ್ತೆ! ಗಾಯ ಆಗುತ್ತೆ!" ಎಂದು ಅಳಲು ಶುರುಮಾಡಿ ಸೀಟಿನಲ್ಲೇ ಒದ್ದಾಡತೊಡಗಿದಳು. ಒದ್ದಾಡಿದರೆ ತೋಳು ತರಚುವುದು ನಿಶ್ಚಯ. ತರಚಿದರೆ ದೊಡ್ಡಬಳ್ಳಾಪುರ ನಿಶ್ಚಯ. ನಾನು ಪೇದೆಯವರ ಮುಖ ನೋಡಿದೆ.

"ಕಟ್ಟಿ ಮೇಷ್ಟ್ರೇ," ಅಂದರು ಅವರು. "ನಂಗೂ ಮನೇಲಿ ಇಂಥದ್ದೇ ಒಂದಿದೆ."

ನನ್ನ ಟವೆಲ್ಲಿನಿಂದ ಅವರ ಎರಡೂ ಕಾಲುಗಳನ್ನು ಕ್ಯಾರಿಯರ್ ಕಂಬಿಗೆ ಕಟ್ಟಿದೆ. ಅಳು ನಿಂತಿತು. ಕೆರೆ ಏರಿಯ ಮೇಲೆ ನಾನು ತಳ್ಳಿಕೊಂಡು ಹೊರಟೆ. ಹುಲ್ಲಿನ ಹೊರೆ ಹೊತ್ತು ಎದುರಿಗೆ ಬರುತ್ತಿದ್ದ ಹೆಂಗಸೊಬ್ಬಳು ದಾರಿಬಿಟ್ಟು ಪಕ್ಕಕ್ಕೆ ನಿಂತಳು.

"ಅಯ್ಯೋ ಸಿವ್ನೇ! ಮೇಷ್ಟ್ರು ಪೋಲೀಸ್ನೋರ್ನೇ ಇಡ್ಕೊಂಡ್ ಓಯ್ತಾವ್ರೆ! ಏನ್ ತಪ್ಪು ಮಾಡಿದ್ರು ಸ್ವಾಮೀ?"

ಹಿಂದಿನಿಂದ ಪೇದೆಯವರು ಗಂಭೀರವಾಗಿ ಉತ್ತರಿಸಿದರು: "ಮಗ್ಗಿ ಬರ್ಲಿಲ್ಲ ಕಣಮ್ಮ."

ಅತ್ತೆಯವರ ತನಿಖೆ

ಸಂಕ್ರಾಂತಿ ಕಳೆದ ಭಾನುವಾರ ಅತ್ತೆಯವರು ಯಲಹಂಕ ಸ್ಟೇಷನ್ನಿನಲ್ಲಿಳಿದು ಜಟಕಾದಲ್ಲಿ ಬಂದರು. ಎಳ್ಳುಬೆಲ್ಲ ಕೊಟ್ಟ ಕೈಯಲ್ಲೇ ಮಗಳನ್ನು ಹತ್ತಿರಕ್ಕೆಳೆದು ಮೊಣಕಾಲು, ಮೊಣಕೈ, ಗಲ್ಲ, ಹಿಮ್ಮಡಿ ಎಲ್ಲ ತಿರುಗಿಸಿ ತಿರುಗಿಸಿ ನೋಡಿದರು. ಏನೂ ಸಿಗಲಿಲ್ಲ.

"ಇಲ್ಲಿವರ್ಗೂ ಅದೃಷ್ಟ," ಅಂದರು. "ಹೋಗೋ ರೀತಿ ನಾನೇ ಕಣ್ಣಾರೆ ನೋಡ್ಬೇಕು. ಅದು ನಂಗೆ ಸರಿಕಾಣ್ಲಿಲ್ಲ ಅಂದ್ರೆ ನಾಳೆ ಸಾಯಂಕಾಲದ ರೈಲಿಗೆ ಇಬ್ರೂ ಹೊರಟ್ವಿ." ಮಗಳ ಎರಡು ಲಂಗವನ್ನು ಆಗಲೇ ತಮ್ಮ ಚೀಲಕ್ಕೆ ಹಾಕಿಟ್ಟುಕೊಂಡರು. ರಾತ್ರಿ ನಾನು ಸೀಟಿನ ಬಕಲ್‌ಗಳಿಗೆ ಎರಡು ಸಲ ಎಣ್ಣೆ ಹಾಕಿದೆ.

ಬೆಳಿಗ್ಗೆ ಅದೇ ಜಟಕಾ ಬಂತು. ಒಳಗೆ ಹುಲ್ಲಿನ ಮೇಲೆ ಅತ್ತೆಯವರೊಬ್ಬರೇ, ಪಕ್ಕದಲ್ಲಿ ಆ ಚೀಲ. ಅವರು ಸ್ಥೂಲಕಾಯದವರು. ಎರಡೇ ಗಾಲಿಯ ಗಾಡಿ. ಭಾರ ಹಿಂದಕ್ಕೆ ಬಿದ್ದರೆ ಕುದುರೆ ಕಟ್ಟುವ ಮೂಕಿ ಮೇಲೇಳುತ್ತದೆ. ಆದ್ದರಿಂದ ಗಾಡಿಯ ಸಾಬರು, "ಅಮ್ಮಾ, ಮುಂದೆ ಬನ್ನಿ, ಇನ್ನೂ ಮುಂದೆ," ಎಂದು ಅವರನ್ನು ಸರಿಸಿ ಕೂರಿಸಿದರು.

ಆ ದಿನದಷ್ಟು ನಿಧಾನವಾಗಿ ನಾನು ಎಂದೂ ಸೈಕಲ್ ತುಳಿದಿಲ್ಲ. ಇನ್ನೂ ನಿಧಾನವಾದರೆ ಬೀಳುತ್ತಿದ್ದೆ. ಕುದುರೆಗೆ ಅಷ್ಟು ಮೆಲ್ಲಗೆ ನಡೆದು ಅಭ್ಯಾಸವಿಲ್ಲ. ಜಟಕಾ ನನ್ನನ್ನು ದಾಟಿ ಮುಂದೆ ಹೋಯಿತು. ಒಳಗಿಂದ ಅತ್ತೆಯವರ ಕೂಗು: "ಮೆಲ್ಲಗೆ ಹೊಡೀರಪ್ಪ, ಮಗು ಕಾಣ್ತಾ ಇಲ್ಲ!"

"ಅಮ್ಮಾ, ಇದಕ್ಕಿಂತ ಮೆಲ್ಲಗೆ ಹೋದ್ರೆ ನನ್ನ ಕುದುರೆ ಮಲಗ್ಬಿಡುತ್ತೆ," ಅಂದರು ಸಾಬರು. ಕೊನೆಗೆ ಬೇರೆ ದಾರಿ ಕಾಣದೆ ಕೆಳಗಿಳಿದು, ಕುದುರೆಯ ಲಗಾಮು ಹಿಡಿದುಕೊಂಡು ನಡೆಯತೊಡಗಿದರು. ಹಾಗೆ ಗಾಡಿಯ ಮುಂದಿನ ಭಾರದಲ್ಲಿ ಒಬ್ಬ ಆಳಿನ ತೂಕ ಕಡಿಮೆಯಾಯಿತು.

ಇದು ಅತ್ತೆಯವರಿಗೆ ತಿಳಿಯಲಿಲ್ಲ. ಹಿಂದೆ ಬರುತ್ತಿದ್ದ ನಮ್ಮನ್ನು ಸರಿಯಾಗಿ ನೋಡಬೇಕೆಂದು ಅವರು ಹುಲ್ಲಿನ ಮೇಲೆ ಹಿಂದಕ್ಕೆ ಸರಿದರು. ಇನ್ನೂ ಸ್ವಲ್ಪ ಸರಿದರು. ಹಿಂದಿನ ಅಂಚಿಗೆ ಬಂದು, ಹೊರಗೆ ಬಗ್ಗಿ, ನನ್ನತ್ತ ಬೆರಳು ತೋರಿಸಿ, "ಅಳಿಯಂದ್ರೇ, ಜೋಪಾನ! ಬಿದ್ದೀರಿ!" ಎಂದರು.

ಮೂಕಿ ಆಕಾಶಕ್ಕೆ ಎದ್ದಿತು. ಕುದುರೆಯ ಮುಂಗಾಲುಗಳು ನೆಲ ಬಿಟ್ಟವು. ಅತ್ತೆಯವರು ಹುಲ್ಲಿನ ಸಮೇತ ನಿಧಾನವಾಗಿ ಜಾರಿ, ಬೆರಳು ಹಾಗೆಯೇ ನನ್ನತ್ತ ಚಾಚಿಕೊಂಡು, ಬಳ್ಳಾರಿ ರಸ್ತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ನಾನು ಎರಡೂ ಬ್ರೇಕ್ ಹಿಡಿದೆ. ಸೈಕಲ್ ಅವರಿಂದ ಒಂದು ಗಜ ಈಚೆಗೆ ನಿಂತಿತು. ಮಗಳು ಕೂತಲ್ಲಿಂದ ಅಲುಗಲೂ ಇಲ್ಲ. ಖುಷಿಯಿಂದ ಚಪ್ಪಾಳೆ ಮಾತ್ರ ತಟ್ಟಿದಳು.

"ಅಜ್ಜಿ, ಇನ್ನೊಂದ್ಸಲ!"

ಸಾಬರು ಓಡಿಬಂದರು. "ಮುಂದೆ ಬನ್ನಿ ಅಂತ ಎಷ್ಟ್ ಸಲ ಹೇಳ್ದೆ ಅಮ್ಮಾ!" ನಾವಿಬ್ಬರೂ ಸೇರಿ ಅವರನ್ನು ಎಬ್ಬಿಸಿ ಮರದ ನೆರಳಿಗೆ ಕೂರಿಸಿದೆವು. ಮೂಳೆಗೇನೂ ಆಗಿರಲಿಲ್ಲ. ಮೊಣಕೈ ಮಾತ್ರ ಎರಡು ಅಂಗುಲ ತರಚಿತ್ತು. ಪಟ್ಟಿ ಬಿಚ್ಚಿ ಇಳಿಸಿದ ಮೇಲೆ ಮಗಳು ಹತ್ತಿರ ಹೋಗಿ ಅದಕ್ಕೆ ಉಫ್ ಉಫ್ ಎಂದು ಊದಿದಳು.

ಅತ್ತೆಯವರು ಕೂದಲಿಗೆ ಸಿಕ್ಕಿದ್ದ ಹುಲ್ಲು ತೆಗೆಯುತ್ತ ಮೊಮ್ಮಗಳನ್ನೇ ನೋಡಿದರು. ಆಮೇಲೆ ಚೀಲ ಬಿಚ್ಚಿ, ಎರಡೂ ಲಂಗಗಳನ್ನು ತೆಗೆದು ನನ್ನ ಕೈಗಿಟ್ಟರು.

"ಮಗು ನಿಮ್ಮ ಹತ್ರಾನೇ ಇರ್ಲಿ ಅಳಿಯಂದ್ರೇ. ಸೈಕಲ್ ಮೇಲೇ ಕರ್ಕೊಂಡು ಹೋಗಿ, ನಾನೇನೂ ಅನ್ನಲ್ಲ. ಆದ್ರೆ ಒಂದು ಮಾತು, ದಮ್ಮಯ್ಯ ಅಂತೀನಿ. ಹೆಣ್ಣುಮಗು. ಯಾರೇ ಹೇಳಿದ್ರೂ ಅದನ್ನ ಜಟಕಾ ಮಾತ್ರ ಹತ್ತಿಸ್ಬೇಡಿ."