ಪರದೆ ಸರಿಸದವರ ಮನೆಗೆ ಗಂಜಿ

ಚರ್ಚಿನವರೆಲ್ಲ ಅವರನ್ನು ದೇವರಂಥ ಹೆಂಗಸು ಎನ್ನುತ್ತಾರೆ. ಎನ್ನಲಿ. ನಾನು ಮಾತ್ರ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ: ನಮ್ಮ ಆಂಟಿಗೆ ಕಂಡವರ ಮನೆಯ ಕಿಟಕಿ ನೋಡುವ ಚಟವಿತ್ತು. ಅದೂ ಕದ್ದುಮುಚ್ಚಿ ಅಲ್ಲ. ಸೈಕಲ್ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು!

ಆಂಟಿ ಮಂಗಳೂರಿನವರು. ಎಂದೋ ನರ್ಸ್ ಆಗಿ ನೆದರ್ಲೆಂಡ್ಸಿನ ಆಮರ್ಸ್‌ಫೋರ್ಟಿಗೆ ಬಂದು, ಇಲ್ಲೇ ನಿವೃತ್ತರಾಗಿ, ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರೇ ಇದ್ದರು. ಈ ದೇಶದಲ್ಲಿ ಬೆಳಗಾದರೆ ಸಾಕು, ಎಲ್ಲರೂ ಪರದೆ ಸರಿಸಿಬಿಡುತ್ತಾರೆ. ಮನೆಯ ಸೋಫಾ, ಬೆಕ್ಕು, ಹೂಕುಂಡ ಎಲ್ಲವೂ ಬೀದಿಗೆ ಪ್ರದರ್ಶನ. ಹತ್ತು ಗಂಟೆಯಾದರೂ ಪರದೆ ಮುಚ್ಚಿದ್ದರೆ ಒಳಗಿರುವವರಿಗೆ ಏನೋ ಆಗಿದೆ ಎಂಬುದು ಆಂಟಿಯ ಸಿದ್ಧಾಂತ. ಆಮೇಲೆ ಕೇಳಬೇಕೇ? ಗಂಜಿ ತುಂಬಿದ ಟಿಫಿನ್ ಕ್ಯಾರಿಯರ್ ಸಮೇತ ದಾಳಿ.

ನನ್ನ ಮೇಲೆ ಆ ದಾಳಿ ನಡೆದದ್ದು ಒಂದು ಶನಿವಾರ. ಆಗ ನಾನು ಕೆಲಸಕ್ಕೆಂದು ಉಡುಪಿಯಿಂದ ಹೊಸತಾಗಿ ಬಂದವಳು, ಒಬ್ಬಳೇ. “ನಿನಗಲ್ಲಿ ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗ್ತದೆ?” ಎಂದು ಅಮ್ಮ ದಿನಾ ಫೋನಿನಲ್ಲಿ ಕೇಳುತ್ತಿದ್ದಳು. ಕೇಳಿ ಕೇಳಿ ಆ ಹೆದರಿಕೆ ನನಗೂ ಅಂಟಿತ್ತು. ಬೆಲ್ ಆಯಿತೆಂದು ಕಣ್ಣುಜ್ಜುತ್ತ ಬಾಗಿಲು ತೆರೆದರೆ, ಗುರುತಿಲ್ಲದ ಹೆಂಗಸು.

“ಜ್ವರವಾ?”

“ಇಲ್ಲ.”

“ಹೊಟ್ಟೆನೋವಾ?”

“ಇಲ್ಲ, ನಿದ್ದೆ ಮಾಡ್ತಿದ್ದೆ. ನೀವು ಯಾರು? ನಾನು ಕನ್ನಡದವಳೂಂತ ಹೇಗೆ ಗೊತ್ತು?”

“ನೀನು ಅಮ್ಮನ ಹತ್ರ ಜಗಳ ಆಡೂದು ಇಡೀ ಬಸ್ಸಿಗೆ ಕೇಳ್ತದೆ ಮಾರಾಯ್ತಿ.”

ಕಾಯಿಲೆ ಇಲ್ಲವೆಂದು ತಿಳಿದು ಅವರಿಗೆ ಸ್ವಲ್ಪ ನಿರಾಸೆಯೇ ಆಯಿತು. ಆದರೂ ನಾನು ಗಂಜಿ ಕುಡಿದು ಮುಗಿಸುವ ತನಕ ಎದುರೇ ಕೂತರು. ಪ್ರೀತಿಯಿಂದ ಎಂದುಕೊಂಡೆ. ಅಲ್ಲ, ಅವರಲ್ಲಿ ಇದ್ದದ್ದು ಒಂದೇ ಕ್ಯಾರಿಯರ್. ಮುಂದಿನ ಮನೆಗೂ ಅದೇ ಹೋಗಬೇಕಿತ್ತು.

“ಆಂಟಿ, ನಾನು ನಿಮ್ಮ ಚರ್ಚಿನವಳಲ್ಲ” ಎಂದು ಒಮ್ಮೆ ಹೇಳಿ ನೋಡಿದೆ.

“ಕರ್ಟನಿಗೆ ಜಾತಿ ಉಂಟಾ? ಉಪ್ಪಿನಕಾಯಿ ಹಾಕಿಕೋ.”

ಇಲ್ಲಿ ಮಗ ತಾಯಿಯ ಮನೆಗೆ ಹೋಗಬೇಕಾದರೂ ದಿನವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ನನ್ನ ಎದುರುಮನೆಯಲ್ಲಿ ಹೆಂಡತಿ ತೀರಿಕೊಂಡ ಒಬ್ಬ ಡಚ್ ತಾತ ಇದ್ದಾರೆ, ಆಂಟಿಯ ಚರ್ಚಿನವರೇ. ಈ ವಿಷಯದಲ್ಲಿ ಅವರು ಮಹಾ ಮಡಿವಂತರು. ಒಮ್ಮೆ ಆಂಟಿ ಗಂಜಿ ತಂದಾಗ, ಜ್ವರದಲ್ಲಿ ನಡುಗುತ್ತಿದ್ದರೂ ಬಾಗಿಲಿಗೆ ಅಡ್ಡ ನಿಂತು, “ನೀವು ಅಪಾಯಿಂಟ್‌ಮೆಂಟ್ ಮಾಡಿಲ್ಲವಲ್ಲ” ಎಂದರಂತೆ. “ನಿಮ್ಮ ಜ್ವರ ಮಾಡಿತ್ತಾ?” ಎನ್ನುತ್ತ ಆಂಟಿ ಒಳಗೆ ನುಗ್ಗಿದರು. ಮಿಡಿ ಉಪ್ಪಿನಕಾಯಿ ಕಚ್ಚಿದ್ದೇ ತಾತನ ಕಣ್ಣಲ್ಲಿ ದಳದಳ ನೀರು. ಅದನ್ನು ಕೃತಜ್ಞತೆಯೆಂದೇ ಆಂಟಿ ಊರಿಗೆಲ್ಲ ಹೇಳಿಕೊಂಡು ಬಂದರು.

ಸಿದ್ಧಾಂತ ಕೈಕೊಟ್ಟದ್ದೂ ಉಂಟು. ಒಂದು ಬೇಸಿಗೆಯಲ್ಲಿ ಮೂಲೆಮನೆಯ ಪರದೆ ಮುಚ್ಚಿತ್ತು. ಆಂಟಿ ಬೆಲ್ ಒತ್ತಿದರು. ಕಾಗದ ಹಾಕುವ ಕಿಂಡಿಗೆ ಬಾಯಿಟ್ಟು, “ಹೆದರಬೇಡಿ, ನಾನಿದ್ದೇನೆ” ಎಂದು ಕೂಗಿದರು. ಉತ್ತರವಿಲ್ಲ. ಎದ್ದ ಮೇಲಾದರೂ ತಿನ್ನಲಿ ಎಂದು ಬಂಗುಡೆ ಮೀನಿನ ಸಾರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಬಾಗಿಲಿಗೆ ನೇತುಹಾಕಿ ಬಂದರು. ಆ ಮನೆಯವರೋ, ಕಾರಿಗೆ ಕ್ಯಾರವಾನ್ ಕಟ್ಟಿಕೊಂಡು ಫ್ರಾನ್ಸಿಗೆ ಹೋಗಿದ್ದರು! ಮರಳಿದಾಗ ಬಂಗುಡೆ ಅವರನ್ನು ಬೀದಿಯ ತಿರುವಿನಲ್ಲೇ ಎದುರುಗೊಂಡಿತಂತೆ. ಮುಂದಿನ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಪ್ರಕಟಿಸಿದರು: ರಜೆಗೆ ಹೋಗುವವರು ದಯವಿಟ್ಟು ಆಂಟಿಗೆ ತಿಳಿಸಿ ಹೋಗಬೇಕು.

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಆಂಟಿಯ ಪರದೆಯೇ ಸರಿಯಲಿಲ್ಲ. ಮೊದಲು ಗಮನಿಸಿದ್ದು ಆ ತಾತ. ಆಂಬುಲೆನ್ಸ್ ಕರೆಸಿ, ಕೈ ಹಿಡಿದುಕೊಂಡೇ ಜೊತೆಗೆ ಹೋದರು. ಆಂಟಿ ಆಸ್ಪತ್ರೆಯಿಂದ ಮರಳಲಿಲ್ಲ.

ಚರ್ಚಿನಲ್ಲಿ ಅವರನ್ನು ಬೀಳ್ಕೊಟ್ಟ ದಿನ, ಕಾಫಿ ಕುಡಿಯುತ್ತ ಒಬ್ಬೊಬ್ಬರೂ ತಮ್ಮ ತಮ್ಮ ಗಂಜಿಯ ಕತೆ ಹೇಳಿದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಅಮ್ಮನ ಹಳೆಯ ಪ್ರಶ್ನೆ ಎದ್ದು ಕೂತಿತು. ಇನ್ನು ನನಗೇನಾದರೂ ಆದರೆ ಯಾರಿಗೆ ಗೊತ್ತಾಗುತ್ತದೆ?

ಮರುದಿನ ಏಳಲು ಮನಸ್ಸಾಗಲಿಲ್ಲ. ಪರದೆ ಸರಿಸದೆ, ಅಳುತ್ತ ಬಿದ್ದುಕೊಂಡಿದ್ದೆ. ಹತ್ತು ಗಂಟೆಗೆ ಬೆಲ್ ಆಯಿತು.

ಬಾಗಿಲಲ್ಲಿ ತಾತ. ಕೈಯಲ್ಲಿ ಆಂಟಿಯ ಕ್ಯಾರಿಯರ್. ಒಳಗೆ ಹಬೆಯಾಡುವ ಬಟಾಣಿ ಸೂಪ್.

“ನಿಮಗೆಂದು ಮಾಂಸ ಹಾಕಿಲ್ಲ” ಎಂದರು.

“ನೀವು ಅಪಾಯಿಂಟ್‌ಮೆಂಟ್ ಮಾಡಿಲ್ಲವಲ್ಲ” ಎಂದೆ, ಮೂಗು ಒರೆಸಿಕೊಳ್ಳುತ್ತ.

“ನಿಮ್ಮ ಅಳು ಮಾಡಿತ್ತೇ?”

ನಾನು ಕುಡಿದು ಮುಗಿಸುವ ತನಕ ಎದುರೇ ಕೂತರು. ಕ್ಯಾರಿಯರ್ ತೊಳೆದು ಅವರ ಕೈಗಿಟ್ಟು ಪರದೆ ಸರಿಸಿದೆ. ಮೂಲೆಮನೆಯದು ಇನ್ನೂ ಮುಚ್ಚಿತ್ತು.

“ರಜೆಗೆ ಹೋಗಿದ್ದಾರೋ ಏನೋ” ಎಂದರು ತಾತ.

“ಹೋಗಿದ್ದರೆ ಹೋಗಲಿ. ಇರಿ, ಜಾಕೆಟ್ ಹಾಕಿಕೊಂಡು ಬರ್ತೇನೆ” ಎಂದೆ.