ರಿಸರ್ವಿನಲ್ಲಿದ್ದ ಬೂಟುಗಳು

ನಮ್ಮ ಕಾಕಾ ಬೂಟು ಹಾಕಿಕೊಂಡೇ ಹುಟ್ಟಿದ ಎಂದು ನಂಬುವವರು ದಂಡೋತಿಯಲ್ಲಿ ಈಗಲೂ ಸಿಕ್ಕಾರು. ನಾನು ನಂಬುವುದಿಲ್ಲ. ಹೈದರಾಬಾದಿಗೆ ಹೋಗಿ ಓದಿದವನು, ಯಾವುದನ್ನೂ ಸುಮ್ಮನೆ ನಂಬಬಾರದೆಂದು ಕಲಿತು ಬಂದವನು. ಮೊದಲು ದೇವರನ್ನು ಸಂಶಯಿಸಿದೆ, ಆಮೇಲೆ ಜಾತಕವನ್ನು, ಕೊನೆಗೆ ಸಂಶಯಿಸಲು ಕಲಿಸಿದ ಪ್ರೊಫೆಸರರನ್ನೂ ಬಿಡಲಿಲ್ಲ. ಈಗ ಈ ವಯಸ್ಸಿನಲ್ಲಿ ಸಂಶಯಿಸಲು ಉಳಿದದ್ದು ನನ್ನ ನೆನಪೊಂದೇ! ಹಾಗಾಗಿ ಮುಂದೆ ಹೇಳುವುದರಲ್ಲಿ ರೂಪಾಯಿಗೆ ನಾಲ್ಕಾಣೆ ಸೋಡಿ, ಅಂದರೆ ರಿಯಾಯಿತಿ, ಬಿಟ್ಟು ಓದಬೇಕು. ಆದರೆ ಬೂಟುಗಳ ವಿಷಯದಲ್ಲಿ ಸೋಡಿ ಬೇಡ. ಬೂಟುಗಳು ಖಂಡಿತ ಇದ್ದವು. ಅಡುಗೆಮನೆಯ ಹೊಸ್ತಿಲಿನ ಮುಂದಿನ ಶಹಾಬಾದ್ ಕಲ್ಲಿನ ಮೇಲೆ ಅವುಗಳ ಮೊಳೆ ಗೀಚಿದ ಗುರುತು ಇವತ್ತಿಗೂ ಇದೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ದೊಡ್ಡ ಯುದ್ಧಕ್ಕೆ ಹೋಗಿ ಜೀವಂತ ವಾಪಸು ಬಂದ ಸಿಪಾಯಿ. ಯುದ್ಧ ಮುಗಿದ ಮೇಲೆ ಫೌಜಿನವರು ಅವನನ್ನು ರಿಸರ್ವಿಗೆ ಹಾಕಿ ಊರಿಗೆ ಕಳಿಸಿದ್ದರು. ಮನೆಯಲ್ಲಿರು, ಕರೆದಾಗ ಬಾ ಎಂಬ ನೌಕರಿ. ಇದನ್ನು ಊರಿನವರಿಗೆ ತಿಳಿಸಿ ಹೇಳುವುದು ಯುದ್ಧಕ್ಕಿಂತ ಕಷ್ಟದ ಕೆಲಸವಾಗಿತ್ತು.

"ರಿಸರ್ವ ಅಂದ್ರ ಏನ್ರಿ? ನೌಕರಿ ಅದನೋ ಇಲ್ಲೋ?" ಎಂದು ಗೌಡರು ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು.

"ಹಗೇವಿನಾಗಿನ ಜ್ವಾಳ ಇದ್ದಂಗ ರೀ ಗೌಡ್ರ. ನೆಲದಾಗ ಹುಗಿದು ಇಟ್ಟಿರ್ತಾರ. ಬೇಕಾದಾಗ ತೆಗೀತಾರ."

"ತೆಗೀಲಿಲ್ಲಂದ್ರ?"

ಕಾಕಾ ಮೀಸೆ ತಿರುವಿ, "ಹುಳ ಹತ್ತತಾವ," ಎಂದು ಎದ್ದು ಹೋಗುತ್ತಿದ್ದ. ನಾವು ನಗುತ್ತಿದ್ದೆವು. ಅವನು ನಗುತ್ತಿದ್ದನೋ ಇಲ್ಲವೋ ನೋಡಿದ ನೆನಪಿಲ್ಲ.

ಬೂಟುಗಳಿಗೆ ಬರುತ್ತೇನೆ. ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದ ಫೌಜಿನ ಬೂಟುಗಳು. ಒಂದೊಂದೂ ಒಂದು ಸಣ್ಣ ಕುರಿಮರಿಯಷ್ಟು ಭಾರ. ಅವನ್ನು ಕಾಕಾ ಹೊಲದಲ್ಲಿ ಹಾಕುತ್ತಿರಲಿಲ್ಲ, ಸಂತೆಗೆ ಹಾಕುತ್ತಿರಲಿಲ್ಲ. ಹೊಲದಿಂದ ಬರಿಗಾಲಲ್ಲಿ ಬಂದು, ಅಂಗಳದಲ್ಲಿ ಕಾಲು ತೊಳೆದು, ಒರೆಸಿಕೊಂಡು, ಬಾಗಿಲ ಪಕ್ಕದ ಗೂಟದಿಂದ ಬೂಟು ಇಳಿಸಿ ಕಾಲಿಗೇರಿಸಿ ಮನೆಯೊಳಗೆ ಬರುತ್ತಿದ್ದ! ಲೋಕವೆಲ್ಲ ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಗೆ ಬಂದರೆ ನಮ್ಮ ಕಾಕಾ ಬಾಗಿಲಲ್ಲಿ ಹಾಕಿಕೊಂಡು ಒಳಗೆ ಬರುವವನು. ಒಳಗೆ ಅಂದರೆ ಎಲ್ಲಿಗೆ? ಪಡಸಾಲೆ ದಾಟಿ ಅಡುಗೆಮನೆಯವರೆಗೆ. ಲಿಂಗಪೂಜೆ ಮಾಡುವ ಮನೆ ನಮ್ಮದು!

"ಏ ಮುಕಳ್ಯಾ, ಚರ್ಮದ ಬೂಟು ಹಾಕ್ಕೊಂಡು ಒಲಿ ಮುಂದ ಬರ್ತಿ? ಬಸವಣ್ಣ ಮೆಚ್ಚತಾನೇನೋ?" ಎಂದು ನಮ್ಮಜ್ಜಿ ದಿನಕ್ಕೊಮ್ಮೆಯಾದರೂ ಕೂಗುತ್ತಿದ್ದಳು.

"ಬಸವಣ್ಣ ಎತ್ತಿನ ರೂಪದಾಗ ಇರ್ತಾನಲ್ಲ ಯವ್ವ. ಅವನ ಕಾಲಿಗೂ ಕಬ್ಬಿಣದ ನಾಲು ಹೊಡಸ್ತೇವಲ್ಲ?"

ಒಮ್ಮೆ ಮಠದ ಅಯ್ಯನವರು ಪಾದಪೂಜೆಗೆ ಬಂದು ಕುಳಿತಿದ್ದರು. ಕಾಕಾ ಬೂಟು ಬಾರಿಸುತ್ತ ಪಡಸಾಲೆಗೆ ಬಂದದ್ದನ್ನು ನೋಡಿ, ತೊಳೆಸಿಕೊಳ್ಳಲು ಮುಂದೆ ಚಾಚಿದ್ದ ಪಾದಗಳನ್ನು ಅವರೇ ಮೆಲ್ಲಗೆ ಒಳಗೆಳೆದುಕೊಂಡರು.

ಈ ಗದ್ದಲ ಯಾವುದೂ ಮುಟ್ಟದ ಜೀವ ಮನೆಯಲ್ಲಿ ಒಂದೇ. ನಮ್ಮ ಕಾಕು, ಅವನ ಹೆಂಡತಿ. ಅವನು ಯುದ್ಧದಲ್ಲಿದ್ದಾಗ ಅವಳಿಗೆ ವಿಷಮಜ್ವರ ಬಂದು ಕಿವಿ ಎರಡೂ ಹೋಗಿದ್ದವು. ಗುಡುಗಿದರೂ ಕೇಳಿಸುತ್ತಿರಲಿಲ್ಲ. ಮಾತು ಮಾತ್ರ ಇತ್ತು. ತನ್ನ ದನಿ ತನಗೆ ಕೇಳದೆ, ಬಾವಿಯೊಳಗಿಂದ ಕೂಗಿದಂತೆ ಜೋರಾಗಿ ಆಡುತ್ತಿದ್ದಳು. ಮಕ್ಕಳಿರಲಿಲ್ಲ.

ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮರ ರಾಜ್ಯ ಹೋದ ಮೇಲೆ ಕಾಕಾನಿಗೆ ಹೊಸ ಹುಚ್ಚು ಹಿಡಿಯಿತು. ರಿಸರ್ವು ಸಾಕು, ಮತ್ತೆ ಪೂರಾ ಫೌಜಿಗೆ ಹೋಗಬೇಕು! ಮುಂಜಾನೆ ಎದ್ದು ಕಾಗಿಣಾ ನದಿಯ ದಂಡೆಯ ಉಸುಕಿನಲ್ಲಿ ಓಡತೊಡಗಿದ. ಅವನ ಹಿಂದೆ ಊರ ನಾಯಿಗಳೆಲ್ಲ ಓಡತೊಡಗಿದವು. ಸಿಪಾಯಿಗಳ ಕಚೇರಿಗೆ ಅರ್ಜಿ ಹಾಕಿದ. ಅವರು ವಯಸ್ಸಾಯಿತೆಂದರು. ಮತ್ತೆ ಹಾಕಿದ. ಊರು ತನ್ನ ತೀರ್ಪು ಕೊಟ್ಟೇಬಿಟ್ಟಿತು: ಕಿವುಡ ಹೆಂಡತಿ ಸಾಕಾಗಿ ಓಡಿಹೋಗುತ್ತಿದ್ದಾನೆ. ವಿದ್ಯಾವಂತನಾದ ನಾನೂ ಹಾಗೇ ಅಂದುಕೊಂಡೆ. ಬೇರೆ ಯಾವ ಕಾರಣವಾದರೂ ಹೊಳೆಯಬೇಕಲ್ಲ?

ಕೊನೆಗೆ ಸಿಕಂದರಾಬಾದಿನ ದಂಡಿನ ಛಾವಣಿಯಿಂದ ತಪಾಸಣೆಗೆ ಕರೆ ಬಂತು. ಎದೆ ಅಳೆಯುವಾಗ ಡಾಕ್ಟರು ಉಸಿರು ಹಿಡಿ ಎಂದರಂತೆ. ಹಿಡಿದ. ಡಾಕ್ಟರು ಯಾರೊಂದಿಗೋ ಮಾತಿಗೆ ನಿಂತರಂತೆ. ತಿರುಗಿ ನೋಡಿದರೆ ಕಾಕಾ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದಾನೆ! "ಬಿಡೋ, ಸಾಯ್ತಿ!" ಎಂದರೆ, "ಸಾಬ್, ಹುಕುಂ ಬರಲಿಲ್ಲ," ಎಂದನಂತೆ. ಇಂಥವನನ್ನು ಯಾವ ಫೌಜು ಬಿಟ್ಟೀತು? ತೆಗೆದುಕೊಂಡರು. ಇದು ಕಾಕಾನೇ ಹೇಳಿದ ಕತೆ. ಸೋಡಿ ಇಲ್ಲೂ ಅನ್ವಯಿಸುತ್ತದೆ.

ಹೊರಡುವ ದಿನ ನಾನು ಅವನ ಟ್ರಂಕು ಹೊತ್ತು ವಾಡಿ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಅವನ ಕಾಲು ನೋಡಿದೆ. ಹಳೆಯ ಚಪ್ಪಲಿ!

"ಕಾಕಾ, ಬೂಟು ಮರತು ಬಂದೀರಲ್ರಿ?"

"ಮರತಿಲ್ಲೋ ತಮ್ಮಾ. ಗೂಟಕ್ಕ ತೂಗಹಾಕೀನಿ. ಅಲ್ಲಿ ಹೊಸಾವು ಕೊಡ್ತಾರ. ಮನ್ಯಾಗ ಎಲ್ಲಾರಿಗೂ ಹೇಳಿಡು, ಆ ಬೂಟು ಯಾರೂ ಹಾಕಬಾರ್ದು. ಆಟಕ್ಕೂ ಹಾಕಬಾರ್ದು. ಆಕಿ ನಾನೇ ಬಂದೀನಂತ ತಿಳೀತಾಳ."

ನನಗೆ ಅರ್ಥವಾಗಲಿಲ್ಲ. ಗಾಡಿ ಬರುವ ಹೊತ್ತಾಗಿತ್ತು. ಕೇಳಿಯೇಬಿಟ್ಟೆ: "ಈ ವಯಸ್ಸಿನಾಗ ಯಾಕ ಹೋಗಾಕತ್ತೀರಿ? ಕಾಕು ಗತಿ ಏನು?"

ಕಾಕಾ ಹಳಿಗಳ ಕಡೆ ನೋಡುತ್ತ ಹೇಳಿದ. "ಹಿಂದ ರಿಸರ್ವಿನವರ ತಪಾಸಣಿಗಿ ಕರದಾಗ ನನ್ನ ಕಿವಿ ತಪಾಸ್ ಮಾಡಿದ್ರು. ಬೆನ್ನ ಹಿಂದ ನಿಂತು ಪಿಸುಪಿಸು ಮಾತಾಡ್ತಾರ, ಏನಂದ್ರು ಅಂತ ನಾವು ಹೇಳಬೇಕು. ಆವಾಗೇ ಆ ಡಾಕ್ಟರಗ ಕೇಳಿದ್ನಿ, ಸಾಬ್, ನನ್ನ ಹೆಂಡ್ತೀದೂ ನೋಡ್ತೀರೇನು ಅಂತ. ರಿಸರ್ವಿನವರ ಹೆಂಡ್ರಿಗಿಲ್ಲ, ಪೂರಾ ನೌಕರಿಯವರ ಹೆಂಡ್ರಿಗೆ ಅದ ಅಂದ. ದೊಡ್ಡ ದವಾಖಾನಿ ಅದ ಅಲ್ಲಿ. ಕಿವಿಗೇ ಒಬ್ಬ ಡಾಕ್ಟರ ಇದ್ದಾನ."

ಗಾಡಿ ಬಂತು. ಹತ್ತಿದ. ಕಿಟಕಿಯಿಂದ ಸೆಲ್ಯೂಟ್ ಹೊಡೆದದ್ದು ನನಗೋ ವಾಡಿಯ ಸ್ಟೇಷನ್ ಮಾಸ್ತರರಿಗೋ, ಖಚಿತವಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದಾಗ ಉಳಿದ ಅರ್ಧ ತಿಳಿಯಿತು. ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಗಲಾಟೆಯ ವರ್ಷ, ಊರು ಲೂಟಿ ಮಾಡುವವರು ಬಂದರೆಂದು ಒಂದು ಸಂಜೆ "ಬಂದ್ರು, ಬಂದ್ರು!" ಎಂಬ ಕೂಗೆದ್ದು ಊರಿಗೆ ಊರೇ ತೊಗರಿ ಹೊಲಗಳಿಗೆ ಓಡಿತ್ತು. ಬಂದದ್ದು ದನಗಳ ಹಿಂಡಿನ ಧೂಳು. ಆದರೆ ಅದು ಗೊತ್ತಾದದ್ದು ಆಮೇಲೆ. ಓಡುವವರಲ್ಲಿ ಯಾರಿಗೂ ಕಾಕುವಿನ ನೆನಪಾಗಲಿಲ್ಲ. ಅವಳಿಗೆ ಏನೂ ಕೇಳಿಸದು. ಖಾಲಿ ಊರಿನ ಖಾಲಿ ಮನೆಯಲ್ಲಿ ಒಬ್ಬಳೇ ರೊಟ್ಟಿ ಬಡಿಯುತ್ತ ಕೂತಿದ್ದಳು. ಶಹಾಬಾದಿನ ಸಂತೆಯಿಂದ ಬರುತ್ತಿದ್ದ ಕಾಕಾ ಸುದ್ದಿ ಕೇಳಿ ಓಡಿಬಂದು, ಬದುಕಿದ್ದಾಳಲ್ಲ ಎಂಬ ಸಂತೋಷದಲ್ಲಿ ಹಿಂದಿನಿಂದ ಭುಜ ಹಿಡಿದ. ಅವಳು ಚೀರಿದ ಚೀರು ಹೊಲದಲ್ಲಿದ್ದವರಿಗೆ ಕೇಳಿಸಿತಂತೆ. ಆಮೇಲೆ ಎಷ್ಟೋ ದಿನ ಗೋಡೆಗೆ ಬೆನ್ನು ಹಚ್ಚದೆ ಕೂರುತ್ತಿರಲಿಲ್ಲ, ಹಿಂದೆ ಯಾರಾದರೂ ಸುಳಿದರೆ ಬೆವರುತ್ತಿದ್ದಳು.

"ಆವತ್ತಿನಿಂದ ಹಾಕ್ಕೊಂಡ ನೋಡು ಬೂಟು," ಎಂದಳು ಅವ್ವ. "ಕಲ್ಲಿನ ನೆಲ ಅಲ್ಲೇನು? ಪಡಸಾಲ್ಯಾಗ ಮೊಳಿ ಬಡದ್ರ ಒಲಿ ಮುಂದ ಕುಂತಾಕಿಗಿ ನೆಲದಾಗ ತಿಳೀತದ. ಭಾಳ ದಿನಕ್ಕ ನನ್ನ ಮುಂದ ಅಕೀನೇ ಹೇಳ್ಯಾಳ."

ಅಜ್ಜಿ ಕೇಳುತ್ತ ಕೂತಿದ್ದಳು. ಅವತ್ತಿನಿಂದ ಆ ಬೂಟುಗಳನ್ನು ಯಾರೂ ಬೈಯಲಿಲ್ಲ. ಅಜ್ಜಿಯೇ ಆಗಾಗ ಎಣ್ಣೆ ಹಚ್ಚಿ ಗೂಟಕ್ಕೆ ಮತ್ತೆ ತೂಗುಹಾಕುತ್ತಿದ್ದಳು. "ಕಾಕಾ ಆ್ಯಕ್ಟಿವಿಗೆ ಹೋದ, ಬೂಟು ರಿಸರ್ವಿಗೆ ಬಂತು," ಎಂದು ನಾನು ನಗೆಯಾಡಿದೆ. ಯಾರೂ ನಗಲಿಲ್ಲ.

ಕೆಲವು ತಿಂಗಳಾದ ಮೇಲೆ ಅಪ್ಪ ಕಾಕುವನ್ನು ಛಾವಣಿಯ ದವಾಖಾನೆಗೆ ಕರೆದೊಯ್ದರು. ಕಿವಿಯ ಡಾಕ್ಟರು ನೋಡಿದರು. ನರಗಳು ಸತ್ತಿವೆ, ಯಾವ ಔಷಧಿಗೂ ಕಿವಿ ಬರುವುದಿಲ್ಲ ಎಂದರು. ಅಷ್ಟೇ. ಅದಕ್ಕಾಗಿ ಮನುಷ್ಯ ನದಿಯ ಉಸುಕಿನಲ್ಲಿ ನಾಯಿಗಳ ಜೊತೆ ಓಡಿದ್ದ! ಈಗ ವಾಪಸು ಬರೋಣವೆಂದರೆ ಕರಾರು ಮುಗಿಯುವವರೆಗೆ ಬಿಡುವಂತಿಲ್ಲ. ಅಪ್ಪ ಕಾಕುವನ್ನು ಕರೆದುಕೊಂಡು ಬಂದರು. ಅವಳು ಮತ್ತೆ ಗೋಡೆಗೆ ಬೆನ್ನು ಹಚ್ಚಿ ಕೂರತೊಡಗಿದಳು.

ಮುಂದಿನ ಸುಗ್ಗಿಗೆ ಕಾಕಾ ರಜೆಯ ಮೇಲೆ ಬಂದ. ಆ ಸಂಜೆ ನಾನು ಮನೆಯಲ್ಲಿದ್ದೆನೆಂದು ನನ್ನ ನೆನಪು ಹೇಳುತ್ತದೆ. ನೀನೆಲ್ಲಿದ್ದಿ, ಹೈದರಾಬಾದಿನಾಗ ಪರೀಕ್ಷಾ ಬರೀತಿದ್ದಿ ಎಂದು ಅವ್ವ ಕಡೆಯವರೆಗೂ ಹೇಳುತ್ತಿದ್ದಳು. ಅವ್ವನ ಮಾತೇ ನಿಜವಿರಬೇಕು. ಆದರೂ ಕಾಣಿಸುವುದನ್ನು ಏನು ಮಾಡಲಿ?

ಹೊಸ ಬೂಟಿನ ತಳ ರಬ್ಬರಿನದು. ಬೆಕ್ಕಿನಷ್ಟೂ ಸದ್ದಿಲ್ಲ. ಕಾಕಾ ಪಡಸಾಲೆ ದಾಟಿ ಅಡುಗೆಮನೆಯ ಹೊಸ್ತಿಲಿಗೆ ಬಂದ. ಒಲೆಯ ಹೊಗೆ ಕಣ್ಣಿಗೆ ಹೊಡೆಯುತ್ತಿತ್ತೆಂದು ಕಾಕು ಈ ಕಡೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಅಷ್ಟು ದೂರದಿಂದ ಬಂದವನು, ಅಷ್ಟು ತಿಂಗಳಾದ ಮೇಲೆ ಬಂದವನು, ಕೈಚಾಚಿದರೆ ಭುಜ ಸಿಗುತ್ತಿತ್ತು. ನಾನು ಕೂಗಬೇಕೆಂದುಕೊಂಡೆ. ಕೂಗಿ ಏನು ಪ್ರಯೋಜನ?

ಕಾಕಾ ಹೆಜ್ಜೆ ಹಿಂದಿಟ್ಟ. ಬಂದ ದಾರಿಯಲ್ಲೇ ಹೊರಗೆ ಹೋದ. ಅಂಗಳದಲ್ಲಿ ಕೂತು ಹೊಸ ಬೂಟು ಬಿಚ್ಚಿದ, ಗೂಟದಿಂದ ಹಳೆಯವನ್ನು ಇಳಿಸಿದ, ಅವಸರವಿಲ್ಲದೆ ಲಾಡಿ ಕಟ್ಟಿದ. ಎದ್ದು ನಿಂತು ಟೋಪಿ ಸರಿಮಾಡಿಕೊಂಡು, ಈಗಷ್ಟೇ ಊರಿಗೆ ಬಂದವನಂತೆ ಮತ್ತೊಮ್ಮೆ ಒಳಗೆ ಬಂದ.

ಪಡಸಾಲೆಯ ಕಲ್ಲಿನ ಮೇಲೆ ಮೊಳೆಗಳು ಬಡಿದವು.

ಕಾಕುವಿನ ಕೈ ರೊಟ್ಟಿಯ ಮೇಲೆ ನಿಂತಿತು. ಇನ್ನೊಂದು ಕೈಯನ್ನು ಹಿಟ್ಟಿನ ಸಮೇತ ನೆಲದ ಮೇಲೆ ಅಗಲವಾಗಿ ಇಟ್ಟಳು. ತಿರುಗಿ ನೋಡಲಿಲ್ಲ. ನೋಡುವ ಅಗತ್ಯ ಅವಳಿಗಿರಲಿಲ್ಲ.

"ಬಂದ್ರೇನ್ರಿ?" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿ ಕೇಳಿದಳು.